ಮೈಸೂರಿಗೆ ವೀಟೋ ಇದ್ದಿದ್ದರೆ?

ಐರೋಲಿ, ಠಾಣೆ ಕಡೆಯಿಂದ ಲೋಕಲ್‌ನಲ್ಲಿ ನಿಂತ್ಕೊಂಡೇ ಬಂದವರಿಗೆ ನಮಸ್ಕಾರ.

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. 1956ರ ಅಕ್ಟೋಬರ್ 31ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರ ರಾಜಧಾನಿ ಯಾವುದು? ಇದೇ ಮುಂಬಯಿ. ಮರುದಿನದಿಂದ ಬೆಂಗಳೂರು.

ಮೈಸೂರಿನವರು ಅವತ್ತು ಬಾಗಿಲು ತೆರೆದು ಆರತಿ ಎತ್ತಿದ್ರು ಅಂತ ನಾವು ಅಂದ್ಕೊಂಡಿರ್ತೀವಿ. ಹಾಗಾಗಲಿಲ್ಲ. ಹಳೇ ಮೈಸೂರಿನಲ್ಲಿ ಏಕೀಕರಣಕ್ಕೆ ಜೋರು ವಿರೋಧ ಇತ್ತು. ಅವರ ಹತ್ತಿರ 1902ರಿಂದಲೇ ಶಿವನಸಮುದ್ರದ ಕರೆಂಟ್ ಇತ್ತು, ಕನ್ನಂಬಾಡಿ ಕಟ್ಟೆ ಇತ್ತು, ಭದ್ರಾವತಿ ಕಾರ್ಖಾನೆ ಇತ್ತು. ನಾವು ಕೂಡಿಟ್ಟಿದ್ದನ್ನ ಬಡ ಜಿಲ್ಲೆಗಳಿಗೆ ಯಾಕೆ ಹಂಚಬೇಕು ಅನ್ನೋದು ಒಂದು ಮಾತು. ಲಿಂಗಾಯತರ ಸಂಖ್ಯೆ ಹೆಚ್ಚಿ ಒಕ್ಕಲಿಗರ ಬಲ ಕುಗ್ಗುತ್ತೆ ಅನ್ನೋ ಭಯ ಇನ್ನೊಂದು. ಸ್ವತಃ ಒಕ್ಕಲಿಗರಾದ ಕೆಂಗಲ್ ಹನುಮಂತಯ್ಯ ಏಕೀಕರಣದ ಪರ ನಿಂತರು. ಆದರೆ ಹೊಸ ರಾಜ್ಯ ಹುಟ್ಟೋ ಹೊತ್ತಿಗೆ ಅವರು ಮುಖ್ಯಮಂತ್ರಿ ಆಗಿರಲಿಲ್ಲ.

ಈಗ ಯುರೋಪ್ ನೋಡಿ. ಉತ್ತರ ಮ್ಯಾಸಿಡೋನಿಯಾ 2005ರಿಂದ ಯುರೋಪಿಯನ್ ಒಕ್ಕೂಟದ ಬಾಗಿಲಲ್ಲಿ ನಿಂತಿದೆ. ಹೆಸರು ಸರಿಯಿಲ್ಲ ಅಂತ ಪಕ್ಕದ ಗ್ರೀಸ್ ಅಡ್ಡ ಹಾಕ್ತು. 2019ರಲ್ಲಿ ದೇಶದ ಹೆಸರನ್ನೇ ಬದಲಾಯಿಸಿದ್ರು. ಮರುವರ್ಷ ಇನ್ನೊಂದು ಪಕ್ಕದ ಬಲ್ಗೇರಿಯಾ ಭಾಷೆ, ಇತಿಹಾಸದ ತಕರಾರು ತೆಗೀತು. ಅಲ್ಲಿ ಒಳಗಿರೋ ಎಲ್ಲರೂ ಒಪ್ಪಬೇಕು, ಒಬ್ಬರು ಬೇಡ ಅಂದರೂ ಕೆಲಸ ನಿಂತಿತು.

ನಮ್ಮಲ್ಲಿ ಸಂವಿಧಾನದ 3ನೇ ವಿಧಿ ಇದೆ. ರಾಜ್ಯದ ಅಭಿಪ್ರಾಯ ಕೇಳ್ತಾರೆ, ಆದರೆ ಒಪ್ಪಿಗೆ ಬೇಕಿಲ್ಲ. ಸಂಸತ್ತಿನ ಸಾಮಾನ್ಯ ಬಹುಮತ ಸಾಕು. ಮೈಸೂರಿಗೆ ಗ್ರೀಸಿನ ಥರ ವೀಟೋ ಇದ್ದಿದ್ದರೆ ನಮ್ಮಲ್ಲಿ ಎಷ್ಟೋ ಜನ ಇವತ್ತೂ ಬೇರೆ ರಾಜ್ಯದವರಾಗಿ ಇರ್ತಿದ್ವೋ ಏನೋ.

ಹಾಗಂತ ನಮ್ಮ ದಾರಿಯೇ ಸರಿ ಅನ್ನೋಕಾಗಲ್ಲ. ಯುರೋಪ್ ಷರತ್ತುಗಳನ್ನ ಒಳಗೆ ಬರೋ ಮೊದಲೇ ಮಾತಾಡಿ ಮುಗಿಸುತ್ತೆ. ನಾವು ಮೊದಲು ಸೇರಿ, ಪಾಲಿನ ಮಾತು ಆಮೇಲೆ ಅಂದ್ವಿ. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ 39 ತಾಲ್ಲೂಕು ಗುರುತಿಸಿದಾಗ 26 ಉತ್ತರ ಕರ್ನಾಟಕದಲ್ಲೇ ಇದ್ವು. ಹೈದರಾಬಾದ್ ಕರ್ನಾಟಕಕ್ಕೆ 371ಜೆ ವಿಧಿಯನ್ನ ಸಂಸತ್ತು ಒಪ್ಪಿದ್ದು 2012ರಲ್ಲಿ, ಅಂದರೆ 56 ವರ್ಷ ಆದ ಮೇಲೆ.

ಮೈಸೂರಿನವರ ಭಯ ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಆ ಭಯವನ್ನ ಎದುರು ಕೂತು ಮಾತಾಡಿ, ನೀರು, ಕರೆಂಟು, ಕಾಲೇಜು ಯಾರಿಗೆಷ್ಟು ಅಂತ ಅವತ್ತೇ ಬರೆದಿಡಬೇಕಿತ್ತು. ಬರೆದಿದ್ದರೆ, ಕೆಲಸ ಹುಡುಕ್ಕೊಂಡು ಹಳೇ ರಾಜಧಾನಿಗೇ ಬಂದಿರೋ ನಮ್ಮಲ್ಲಿ ಕೆಲವರಾದ್ರೂ ಊರಲ್ಲೇ ಇರ್ತಿದ್ವಿ.

ನೀವೇನಂತೀರಿ? ಮಾತಾಡೋಣ.