ಔಷಧದ ಬೆಲೆ ಇಳಿದರಷ್ಟೇ ಸಾಲದು
(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ನಮ್ಮ ಟ್ರಸ್ಟಿಗೆ ಎರಡು ಬಗೆಯ ಅರ್ಜಿಗಳು ಬರುತ್ತವೆ. ಒಂದು ಓದಿಗೆ, ಇನ್ನೊಂದು ಔಷಧಕ್ಕೆ. ಎಷ್ಟೋ ಸಲ ಎರಡೂ ಒಂದೇ ಮನೆಯಿಂದ ಬಂದಿರುತ್ತವೆ. ತಂದೆಯ ಮಾತ್ರೆಗೆ ಹಣ ಹೊಂದಿಸಬೇಕಾದ ತಿಂಗಳು ಮಗಳ ಫೀಸು ನಿಂತುಬಿಡುತ್ತದೆ. ಆದ್ದರಿಂದ ಈ ದಿನ ಔಷಧದ ಬೆಲೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಉದಾಹರಣೆಗೆ ಆಫ್ರಿಕಾದ ಸಂಗತಿಯನ್ನು ತೆಗೆದುಕೊಂಡಿದ್ದೇವೆ. ಅದರಲ್ಲಿ ನಮ್ಮ ದೇಶದ ಪಾಲೂ ದೊಡ್ಡದಿದೆ.

2000ದ ಸುಮಾರಿಗೆ ಎಚ್‌ಐವಿ ಸೋಂಕನ್ನು ಹತೋಟಿಯಲ್ಲಿಡುವ ಔಷಧಗಳು ಬಂದಿದ್ದವು. ಆದರೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಮೇಲೆ ಬೇಕಿತ್ತು. ಆಗಿನ ಲೆಕ್ಕದಲ್ಲಿ ಅದು ನಾಲ್ಕೂವರೆ ಲಕ್ಷ ರೂಪಾಯಿ ಮೀರುತ್ತದೆ. ಔಷಧ ಇದ್ದದ್ದು ಶ್ರೀಮಂತ ದೇಶಗಳಲ್ಲಿ, ರೋಗಿಗಳು ಹೆಚ್ಚಾಗಿದ್ದದ್ದು ಆಫ್ರಿಕಾದಲ್ಲಿ. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಡಾ. ಯೂಸುಫ್ ಹಮೀದ್ ಅವರು ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ, ಗಡಿರಹಿತ ವೈದ್ಯರ ಸಂಸ್ಥೆಗೆ ಕೊಡಲು ಮುಂದೆ ಬಂದರು.

ಇದರ ಹಿಂದೆ ಒಳ್ಳೆಯ ಮನಸ್ಸಿನ ಜೊತೆಗೆ ಒಂದು ಕಾನೂನೂ ಇತ್ತು. ನಮ್ಮ 1970ರ ಪೇಟೆಂಟ್ ಕಾಯಿದೆಯಲ್ಲಿ ಔಷಧ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಸಿಗುತ್ತಿತ್ತೇ ಹೊರತು ಔಷಧಕ್ಕೇ ಸಿಗುತ್ತಿರಲಿಲ್ಲ. ಬೇರೆ ದಾರಿಯಲ್ಲಿ ಲೆಕ್ಕ ಬಿಡಿಸಿದ ಹುಡುಗನಿಗೂ ನಾವು ಮೇಷ್ಟ್ರುಗಳು ಪೂರ್ತಿ ಅಂಕ ಕೊಡುವುದಿಲ್ಲವೇ, ಹಾಗೆ. ಇನ್ನೊಂದು ಅನುಕೂಲವೂ ಆಯಿತು. ಹೊರದೇಶಗಳಲ್ಲಿ ಈ ಮೂರು ಔಷಧಗಳ ಪೇಟೆಂಟ್ ಮೂರು ಬೇರೆ ಬೇರೆ ಕಂಪನಿಗಳ ಕೈಯಲ್ಲಿತ್ತು, ಮೂರನ್ನೂ ಒಂದೇ ಮಾತ್ರೆಗೆ ಸೇರಿಸುವುದು ಅಲ್ಲಿ ಕಷ್ಟ. ಇಲ್ಲಿ ಅಂಥ ಅಡ್ಡಿ ಇರಲಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗಿದರೆ ಮುಗಿಯಿತು. 2005ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ ನಮ್ಮ ಕಾಯಿದೆ ಬದಲಾಯಿತು. ಹೊಸ ಔಷಧಗಳಿಗೆ ಆ ದಾರಿ ಈಗ ಮೊದಲಿನಷ್ಟು ಸಲೀಸಲ್ಲ.

ಹಾಗಾದರೆ ಬೆಲೆ ಇಳಿದ ಕೂಡಲೇ ಔಷಧ ರೋಗಿಯ ಕೈ ಸೇರಿತೇ? ಇಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಎನ್‌ಕೋಸಿ ಜಾನ್ಸನ್ ಎಂಬ ಹುಡುಗನಿದ್ದ. ಹುಟ್ಟುವಾಗಲೇ ತಾಯಿಯಿಂದ ಸೋಂಕು ಬಂದಿತ್ತು. 1997ರಲ್ಲಿ ಅವನನ್ನು ಶಾಲೆಗೆ ಸೇರಿಸಿಕೊಳ್ಳಬೇಕೇ ಬೇಡವೇ ಎಂದು ದೇಶವೇ ಚರ್ಚೆ ಮಾಡಿತು. ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲು ಇಷ್ಟು ಚರ್ಚೆ ಬೇಕಾಯಿತಲ್ಲ ಎಂದು ಜೀವಮಾನವೆಲ್ಲ ತರಗತಿಯಲ್ಲಿ ಕಳೆದ ನಮಗೆ ಸಂಕಟವಾಗುತ್ತದೆ. 2000ದ ಜುಲೈನಲ್ಲಿ ಡರ್ಬನ್ನಿನ ಅಂತಾರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ಆ 11 ವರ್ಷದ ಹುಡುಗ ವೇದಿಕೆಯ ಮೇಲೆ ನಿಂತು, ಸೋಂಕಿರುವ ಗರ್ಭಿಣಿಯರಿಗೆ ಸರ್ಕಾರ ಔಷಧ ಕೊಡಲಿ ಎಂದು ಕೇಳಿದ. ಅದೇ ತಿಂಗಳು ನೆವಿರಪಿನ್ ತಯಾರಿಸುವ ಜರ್ಮನಿಯ ಕಂಪನಿ, ತಾಯಿಯಿಂದ ಮಗುವಿಗೆ ಸೋಂಕು ತಗಲದಂತೆ ತಡೆಯಲು ಆ ಔಷಧವನ್ನು ಬಡ ದೇಶಗಳಿಗೆ ಐದು ವರ್ಷ ಪುಕ್ಕಟೆ ಕೊಡುವುದಾಗಿ ಹೇಳಿತು. ಬೆಲೆ ಸೊನ್ನೆ. ಆದರೂ ಅಲ್ಲಿನ ಸರ್ಕಾರ ಅದನ್ನು ಕೆಲವೇ ಆಸ್ಪತ್ರೆಗಳಿಗೆ ಸೀಮಿತಗೊಳಿಸಿತು. ಜನರ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು. ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೂ ಆ ಔಷಧದ ಬಾಗಿಲು ತೆರೆಯಬೇಕೆಂದು ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟದ್ದು 2002ರ ಜುಲೈನಲ್ಲಿ. ಎನ್‌ಕೋಸಿ ಅದಕ್ಕೆ ಒಂದು ವರ್ಷ ಮೊದಲೇ, 2001ರ ಜೂನ್‌ನಲ್ಲಿ, ತೀರಿಕೊಂಡಿದ್ದ.

ನಮ್ಮ ಮನೆಯ ಕತೆಯೂ ಬೇರೆಯಲ್ಲ. ಇಲ್ಲಿ ತಯಾರಾದ ಮಾತ್ರೆ ಕಡಲು ದಾಟಿ ಹೋಗುತ್ತಿದ್ದರೂ ನಮ್ಮ ಸರ್ಕಾರ ಅದನ್ನು ಉಚಿತವಾಗಿ ಕೊಡಲು ಆರಂಭಿಸಿದ್ದು 2004ರ ಏಪ್ರಿಲ್‌ನಲ್ಲಿ. ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇನ್ನು ಹಣದ ಮಾತು. 350 ಡಾಲರ್ ಕೂಡ ಬಡ ದೇಶದ ಕೂಲಿಯವನಿಗೆ ಎಟುಕುವುದಿಲ್ಲ. 2002ರಲ್ಲಿ ಏಡ್ಸ್, ಕ್ಷಯ, ಮಲೇರಿಯಾಗಳಿಗಾಗಿ ಜಾಗತಿಕ ನಿಧಿ ಆರಂಭವಾಯಿತು. 2003ರಲ್ಲಿ ಅಮೆರಿಕದ ದೊಡ್ಡ ಯೋಜನೆ ಘೋಷಣೆಯಾಯಿತು. ಅದೇ ವರ್ಷ ಕ್ಲಿಂಟನ್ ಪ್ರತಿಷ್ಠಾನ ಔಷಧ ಕಂಪನಿಗಳ ಜೊತೆ ಕುಳಿತು ಬೆಲೆಯನ್ನು ವರ್ಷಕ್ಕೆ ಸುಮಾರು 140 ಡಾಲರಿಗೆ ಇಳಿಸಿತು. ಕಂಪನಿಗಳು ಒಪ್ಪಿದ್ದೇಕೆ? ಇಷ್ಟು ಕೊಳ್ಳುತ್ತೇವೆ, ಹೊತ್ತಿಗೆ ಸರಿಯಾಗಿ ಹಣ ಕೊಡುತ್ತೇವೆ ಎಂಬ ಭರವಸೆ ಸಿಕ್ಕಿದ್ದರಿಂದ. ಎಷ್ಟು ಮಾರಾಟವಾದೀತು ಎಂದು ಗೊತ್ತಿಲ್ಲದವನು ಬೆಲೆ ಏರಿಸಿಯೇ ಇಡುತ್ತಾನೆ. ಸಂತೆಯಲ್ಲಿ ನೋಡಿದ್ದೇವಲ್ಲ. 2006ರಲ್ಲಿ ಫ್ರಾನ್ಸ್, ಬ್ರೆಜಿಲ್ ಮೊದಲಾದ ದೇಶಗಳು ಯುನಿಟೇಡ್ ಎಂಬ ಸಂಸ್ಥೆ ಕಟ್ಟಿದವು. ಅದಕ್ಕೆ ಫ್ರಾನ್ಸಿನಲ್ಲಿ ವಿಮಾನದ ಟಿಕೆಟ್ಟಿನ ಮೇಲೆ ಸಣ್ಣ ತೆರಿಗೆ ಹಾಕಿ ಹಣ ಕೂಡಿಸಿದರು. ದೊಡ್ಡವರ ಮಾತ್ರೆಯನ್ನು ಒಡೆದು ಮಕ್ಕಳಿಗೆ ಕೊಡುತ್ತಿದ್ದ ಕಾಲದಲ್ಲಿ, ಮಕ್ಕಳಿಗೇ ತಯಾರಿಸಿದ ಮಾತ್ರೆಯನ್ನು ಕೊಳ್ಳಲು ಆ ಹಣ ಒದಗಿತು.

2023ರ ಹೊತ್ತಿಗೆ ಜಾಗತಿಕ ನಿಧಿ ಕೊಡುತ್ತಿದ್ದ ಬೆಲೆ ವರ್ಷಕ್ಕೆ 45 ಡಾಲರಿಗೂ ಕಡಿಮೆಯಾಯಿತು. ಅದೂ ಮೊದಲಿಗಿಂತ ಉತ್ತಮ ಔಷಧಕ್ಕೆ. ಆದರೆ 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಆಫ್ರಿಕಾದ ಎಷ್ಟೋ ಚಿಕಿತ್ಸಾಲಯಗಳ ಕೆಲಸ ನಿಂತಿತು. ಮಾತ್ರೆ ಅಗ್ಗವಾಗಿಯೇ ಇತ್ತು, ಅದನ್ನು ಎಣಿಸಿ ಕೊಡುವ ನರ್ಸಿಗೆ ಸಂಬಳವಿರಲಿಲ್ಲ.

ನಮ್ಮ ಟ್ರಸ್ಟ್ ಸಣ್ಣದು. ಆದರೂ ಒಂದು ಕೆಲಸ ಮಾಡಬಹುದೆಂದು ಪದಾಧಿಕಾರಿಗಳಿಗೆ ತಿಳಿಸಿದ್ದೇವೆ. ಈಗ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಔಷಧದ ಬಿಲ್ಲಿಗೆ ಹಣ ಕೊಡುತ್ತಿದ್ದೇವೆ. ಅದರ ಬದಲು ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಪ್ರತಿ ತಿಂಗಳೂ ಮಾತ್ರೆ ಬೇಕಾದ ಮನೆಗಳ ಪಟ್ಟಿ ಮಾಡಿ, ಮೂರು ತಿಂಗಳದ್ದಕ್ಕೆ ಒಟ್ಟಿಗೆ ದರ ಕೇಳೋಣ. ಅರ್ಜಿ ಹಾಕುವವರು ವೈದ್ಯರ ಚೀಟಿಯಲ್ಲಿ ಬ್ರಾಂಡಿನ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿಕೊಂಡು ಬನ್ನಿ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಸಿಗುತ್ತದೆಯೇ ವಿಚಾರಿಸಬಹುದು. ವೈದ್ಯರನ್ನು ಕೇಳದೆ ಮಾತ್ರ ಬದಲಾಯಿಸಬೇಡಿ.

ಪಟ್ಟಿ ಮಾಡಲು ಕೈ ಬೇಕು. ವಿದ್ಯಾರ್ಥಿವೇತನ ಪಡೆಯುವವರಲ್ಲಿ ಫಾರ್ಮಸಿ, ನರ್ಸಿಂಗ್, ಬಿಕಾಂ ಓದುತ್ತಿರುವವರಿದ್ದೀರಿ. ತಿಂಗಳಿಗೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಬಲ್ಲವರು ಚೆಕ್ ತೆಗೆದುಕೊಂಡು ಹೋಗುವ ಮುಂಚೆ ಕಚೇರಿಯಲ್ಲಿ ಹೆಸರು ಬರೆಸಿ ಹೋಗಿ.