ಬಾಗಿಲು ತಟ್ಟುವವನ ದಿನಚರಿ



ಇವತ್ತಿನ ವಿಷಯ ಆಹ್ವಾನಪತ್ರಿಕೆಯಲ್ಲಿ ಅಚ್ಚಾದ ಮೇಲೆ ಪರಿಚಯದವರೊಬ್ಬರು ಫೋನ್ ಮಾಡಿ, "ಮಿಷನರಿಗಳನ್ನು ಸರಿಯಾಗಿ ತರಾಟೆಗೆ ತಗೊಳ್ಳಿ ಸಾರ್" ಅಂದರು. ಸಂಜೆ ಇನ್ನೊಬ್ಬರು, "ಪಾಪ, ಆ ಹುಡುಗರನ್ನು ಬಯ್ಯಬೇಡಿ" ಅಂದರು. ಇಬ್ಬರಿಗೂ ಇವತ್ತು ನಿರಾಸೆಯೇ. ನನ್ನ ತಕರಾರು ಇರುವುದು ಬೇರೆ ಕಡೆ.

ಮಾರ್ಮನ್ ಮಿಷನರಿ ಹುಡುಗರು ಹೇಗಿರುತ್ತಾರೆ ಅನ್ನುವುದನ್ನು ವಿವರಿಸಬೇಕಾಗಿಲ್ಲ. ಬಿಳಿ ಅಂಗಿ, ಟೈ, ಜೇಬಿನ ಮೇಲೆ ಕಪ್ಪು ಹೆಸರುಪಟ್ಟಿ, ಜೋಡಿ ಸೈಕಲ್ಲು. 2011ರಲ್ಲಿ ಬ್ರಾಡ್‌ವೇ ರಂಗಮಂದಿರಕ್ಕೆ ಬಂದ 'ದಿ ಬುಕ್ ಆಫ್ ಮಾರ್ಮನ್' ಎಂಬ ಸಂಗೀತ ನಾಟಕ ಇವರನ್ನು ಕಂಡು ಅರ್ಧ ಲೋಕ ನಗುವ ಹಾಗೆ ಮಾಡಿದೆ. ಚರಿತ್ರೆ ನಾಲ್ಕು ಸಾಲಿನಲ್ಲಿ ಮುಗಿಸುತ್ತೇನೆ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಕಟ್ಟಿದ ಸಭೆ. ಊರೂರಿನಿಂದ ಓಡಿಸಿಕೊಂಡು ಕೊನೆಗೆ 1847ರಲ್ಲಿ ಈಗಿನ ಯೂಟಾ ಸೇರಿತು, ಸಾಲ್ಟ್ ಲೇಕ್ ಸಿಟಿ ಅದರ ಕೇಂದ್ರ. 'ಮಾರ್ಮನ್' ಅನ್ನುವ ಅಡ್ಡಹೆಸರು ಬಿಡಿ ಎಂದು 2018ರಲ್ಲಿ ಅವರೇ ಕೇಳಿಕೊಂಡಿದ್ದಾರೆ. ಪೂರ್ಣ ಹೆಸರು ಬಹಳ ಉದ್ದ, ನನಗೆ ಕೊಟ್ಟಿರುವುದು ಮುಕ್ಕಾಲು ಗಂಟೆ. ಮನ್ನಿಸಬೇಕು.

ಈಗ ತಕರಾರಿಗೆ ಬರುತ್ತೇನೆ. ಈ ಹುಡುಗರು ಪರದೇಶಕ್ಕೆ ಯಾಕೆ ಹೋಗುತ್ತಾರೆ? ಸಭೆಯವರನ್ನು ಕೇಳಿದರೆ ಜನರನ್ನು ಕ್ರಿಸ್ತನ ಬಳಿಗೆ ಕರೆತರಲು ಅನ್ನುತ್ತಾರೆ. ವಿರೋಧಿಗಳನ್ನು ಕೇಳಿದರೆ ಮತಾಂತರಕ್ಕೆ ಅನ್ನುತ್ತಾರೆ. ನೂರು ವಿಷಯಕ್ಕೆ ಜಗಳವಾಡುವ ಇಬ್ಬರೂ ಇದೊಂದನ್ನು ಒಪ್ಪುತ್ತಾರೆ. ನಾನು ಮಾತ್ರ ಒಪ್ಪುವುದಿಲ್ಲ. ಆ ಹುಡುಗನ ಬೆಳಗಿನಿಂದ ರಾತ್ರಿಯವರೆಗಿನ ದಿನಚರಿಯನ್ನು ಮುಂದೆ ಹರಡಿಕೊಂಡು ನೋಡಿ. ಇಡೀ ವ್ಯವಸ್ಥೆ ಹಿಡಿದು ತಿದ್ದುವುದು ಬಾಗಿಲು ತಟ್ಟುವವನನ್ನು. ತೆರೆಯುವವನು ಸಿಕ್ಕರೆ ಲಾಭ, ಅಷ್ಟೆ.

ಹೀಗೆ ನೋಡುವುದನ್ನು ಕಲಿಸಿದವರು ಧಾರವಾಡದಲ್ಲಿ ನಮಗೆ ಸಮಾಜಶಾಸ್ತ್ರ ಹೇಳುತ್ತಿದ್ದ ಮಾಸ್ತರರು. ವೇದಿಕೆ ಮೇಲೆ ತಮ್ಮ ಹೆಸರು ಎತ್ತಿದರೆ ಅವರಿಗೆ ಸಿಟ್ಟು ಬರುತ್ತಿತ್ತು, ಹಾಗಾಗಿ ಎತ್ತುವುದಿಲ್ಲ. ಯಾವನಾದರೂ ಮಠದ ಬಗ್ಗೆ ಪ್ರಬಂಧ ಬರೆದು ತಂದರೆ ಅವರ ಮೊದಲ ಪ್ರಶ್ನೆ, "ಅಲ್ಲಿ ಮುಂಜಾನೆ ಎಷ್ಟಕ್ಕ ಏಳ್ತಾರ?" ಎರಡನೆಯದು, "ಊಟಕ್ಕ ಯಾರ ಬಾಜೂ ಯಾರು ಕೂಡ್ತಾರ?" ಉತ್ತರ ಬರದಿದ್ದರೆ ಪ್ರಬಂಧವನ್ನು ತೆರೆಯದೆ ವಾಪಸು ಕೊಡುತ್ತಿದ್ದರು. ದ್ವೈತ, ಅದ್ವೈತ, ಶಕ್ತಿವಿಶಿಷ್ಟಾದ್ವೈತ ಎಲ್ಲ ಆಮೇಲೆ. ಒಬ್ಬ ಜಾಣ ಎದ್ದು ನಿಂತು, "ಸರ, ತತ್ತ್ವ ಮುಖ್ಯ ಅಲ್ಲೇನ್ರಿ?" ಅಂದ. "ತತ್ತ್ವ ಎಲ್ಲಾರದೂ ಚಲೋನ ಇರ್ತದ, ತಮ್ಮಾ" ಅಂದರು. ಇವತ್ತಿಗೂ ನನಗೆ ಇದಕ್ಕಿಂತ ದೊಡ್ಡ ಸಂಶೋಧನಾ ವಿಧಾನ ಗೊತ್ತಿಲ್ಲ.

ಮಾಸ್ತರರ ಪ್ರಶ್ನೆಗೆ ಉತ್ತರ: ಆರೂವರೆಗೆ ಏಳುತ್ತಾರೆ. ದಶಕಗಳ ಕಾಲ ಲೋಕದ ಯಾವ ಮೂಲೆಯಲ್ಲಿದ್ದರೂ ಇದೇ ಹೊತ್ತು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಎಂಟಕ್ಕೆ ಒಬ್ಬೊಬ್ಬನೇ ಕೂತು ಗ್ರಂಥ ಓದುವುದು. ಒಂಬತ್ತಕ್ಕೆ ಜೊತೆಗಾರನ ಸಂಗಡ ಓದುವುದು. ಹೊಸ ಭಾಷೆಯ ನಾಡಾದರೆ ಮೇಲೊಂದಿಷ್ಟು ಹೊತ್ತು ಭಾಷಾಭ್ಯಾಸ. ಆಮೇಲೆ ಬೀದಿ. ರಾತ್ರಿ ಒಂಬತ್ತಕ್ಕೆ ಬಿಡಾರಕ್ಕೆ ಬಂದು ನಾಳಿನ ಗಂಟೆಗಂಟೆಯ ಲೆಕ್ಕ ಬರೆಯಬೇಕು. ಹತ್ತೂವರೆಗೆ ದೀಪ ಆರಬೇಕು. 2017ರಿಂದ ಆಯಾ ದೇಶದ ರೂಢಿಗೆ ತಕ್ಕಂತೆ ಹೊತ್ತನ್ನು ಹಿಂದುಮುಂದು ಮಾಡಿಕೊಳ್ಳುವ ಸಡಿಲ ಬಂದಿದೆ. ಚೌಕಟ್ಟು ಹಾಗೇ ಇದೆ.

ಗಂಡುಹುಡುಗರಿಗೆ ಇದು 24 ತಿಂಗಳು, ಹೆಣ್ಣುಮಕ್ಕಳಿಗೆ 18. ಆರು ತಿಂಗಳು ಯಾಕೆ ಕಡಿಮೆ ಎಂದು ಕೇಳಿದರೆ ತೃಪ್ತಿಯಾಗುವ ಉತ್ತರ ನನಗಂತೂ ಸಿಕ್ಕಿಲ್ಲ. 2012ರಲ್ಲಿ ಹೊರಡುವ ವಯಸ್ಸನ್ನು ಹುಡುಗರಿಗೆ 19ರಿಂದ 18ಕ್ಕೆ, ಹುಡುಗಿಯರಿಗೆ 21ರಿಂದ 19ಕ್ಕೆ ಇಳಿಸಿದರು. ಅಲ್ಲಿಂದ ಮುಂದೆ ಹೆಣ್ಣುಮಕ್ಕಳ ಸಂಖ್ಯೆ ಜೋರಾಗಿ ಏರಿತು. ಸಂಬಳವಿಲ್ಲ, ಖರ್ಚು ಮನೆಯವರದ್ದು. ಅಮೆರಿಕದಿಂದ ಹೋಗುವವರು 2020ರ ಜುಲೈನಿಂದ ತಿಂಗಳಿಗೆ 500 ಡಾಲರ್ ಕಟ್ಟಬೇಕು, ಅದಕ್ಕೆ ಮುಂಚೆ 400 ಇತ್ತು. ಟೋಕಿಯೋಗೆ ಹೋದರೂ ಅಷ್ಟೇ, ಪೆರುವಿಗೆ ಹೋದರೂ ಅಷ್ಟೇ. ಎಲ್ಲಿಗೆ ಎನ್ನುವುದನ್ನು ಆರಿಸಿಕೊಳ್ಳುವ ಹಕ್ಕು ಹುಡುಗನಿಗಿಲ್ಲ. ಪತ್ರ ಬರುತ್ತದೆ, ಮನೆಮಂದಿಯೆಲ್ಲ ಸುತ್ತ ನಿಂತು ತೆರೆದು ಓದುತ್ತಾರೆ, ಅಲ್ಲಿಗೆ ಹೊರಡಬೇಕು.

ಹೊರಟ ದಿನದಿಂದ ಅವನ ಹೆಸರು ಹೋಗುತ್ತದೆ. ಮನೆತನದ ಹೆಸರಿಗೆ ಮೊದಲು 'ಎಲ್ಡರ್', ಹುಡುಗಿಯಾದರೆ 'ಸಿಸ್ಟರ್'. ಅಮ್ಮ ಕರೆಯುತ್ತಿದ್ದ ಹೆಸರಿನಿಂದ ಎರಡು ವರ್ಷ ಯಾರೂ ಕರೆಯುವುದಿಲ್ಲ. ಸಿನಿಮಾ ಇಲ್ಲ, ಟಿವಿ ಇಲ್ಲ, ಪ್ರೇಮವಿಲ್ಲ, ಈಜು ಕೂಡ ಇಲ್ಲ. ವಾರಕ್ಕೊಂದು ದಿನ ಬಟ್ಟೆ ಒಗೆದುಕೊಂಡು, ಸಾಮಾನು ತಂದುಕೊಂಡು, ಮನೆಗೆ ಬರೆಯಲು ಬಿಡುವು. 2019ರ ಫೆಬ್ರವರಿಯವರೆಗೆ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಸಲ ಅವಕಾಶ, ಕ್ರಿಸ್‌ಮಸ್‌ಗೆ ಒಮ್ಮೆ, ತಾಯಂದಿರ ದಿನಕ್ಕೆ ಒಮ್ಮೆ. ಈಗ ವಾರಕ್ಕೊಮ್ಮೆ ಮಾತಾಡಬಹುದು.

ಇವೆಲ್ಲಕ್ಕಿಂತ ಕಠಿಣವಾದದ್ದು ಜೊತೆಗಾರನ ನಿಯಮ. ಇಬ್ಬರು ಒಬ್ಬರ ಕಣ್ಣಿಗೊಬ್ಬರು ಕಾಣುವಷ್ಟು, ಕರೆದರೆ ಕೇಳುವಷ್ಟು ಹತ್ತಿರವೇ ಇರಬೇಕು. ಶೌಚಕ್ಕೆ, ಸ್ನಾನಕ್ಕೆ ಮಾತ್ರ ವಿನಾಯಿತಿ. ಜೊತೆಗಾರ ಯಾರು ಎನ್ನುವುದನ್ನು ತೀರ್ಮಾನಿಸುವವರು ಮಿಷನ್ ಅಧ್ಯಕ್ಷರು. ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ; ಹಾಸಿಗೆ ಮಡಚಿ ಬೇರೆ ಊರಿಗೆ, ಬೇರೆ ಜೊತೆಗಾರನ ಬಳಿಗೆ ಹೋಗಬೇಕಾಗಬಹುದು. ಹದಿನೆಂಟರ ವಯಸ್ಸಿನಲ್ಲಿ, ತನಗೆ ಹಿಡಿಸದ ಇನ್ನೊಬ್ಬ ಹುಡುಗನ ಗೊರಕೆ ಕೇಳುತ್ತ, ಅವನು ಪಾತ್ರೆ ತೊಳೆಯದೆ ಬಿಟ್ಟದ್ದನ್ನು ಸಹಿಸುತ್ತ, ಬೆಳಿಗ್ಗೆ ಅವನ ಪಕ್ಕದಲ್ಲೇ ಮಂಡಿಯೂರಿ ಪ್ರಾರ್ಥಿಸಬೇಕು. ಮದುವೆಗೆ ಇದಕ್ಕಿಂತ ಒಳ್ಳೆಯ ತಾಲೀಮು ಇದೆಯೇ? ಹಾಸ್ಯಕ್ಕೆ ಹೇಳುತ್ತಿಲ್ಲ. ಮರಳಿದ ಮೇಲೆ ಬೇಗ ಮದುವೆಯಾಗುವುದು ಅಲ್ಲಿ ಮಾಮೂಲು.

ಮಗಳು ಯೂಟಾದಲ್ಲಿದ್ದಾಗ ಪಕ್ಕದ ಮನೆಗೆ ಜಪಾನಿನ ಸಪ್ಪೊರೊದಿಂದ ಮರಳಿದ ಹುಡುಗ ಬಂದಿದ್ದ. ನನ್ನ ಕುತೂಹಲ ನೋಡಿ ಅವನು ತನ್ನ ದಿನದ ಪುಸ್ತಕಗಳನ್ನು ತಂದು ತೋರಿಸಿದ. ಅಂಗಿ ಜೇಬಿಗೆ ಹೋಗುವ ಅಳತೆ, ಮಳೆಗೆ ತೊಯ್ದು ಒಣಗಿ ಉಬ್ಬಿದ ಹಾಳೆಗಳು. ಒಂದೊಂದು ಗಂಟೆಗೂ ಒಂದು ಗೆರೆ, ಗೆರೆಯ ಪಕ್ಕ ಇನ್ನೂ ಸಣ್ಣಕ್ಷರದಲ್ಲಿ 'ಇದು ತಪ್ಪಿದರೆ ಅದು' ಎಂಬ ಇನ್ನೊಂದು ಯೋಜನೆ. ಪುಟದ ತುಂಬ ಕಾಟು. ಮೊದಲಿನದೂ ಕಾಟು, ಬದಲಿಯದೂ ಕಾಟು. ಪ್ರೋವೊ ತರಬೇತಿ ಕೇಂದ್ರದಲ್ಲಿ ಕೆಲವೇ ವಾರ ಕಲಿತ ಜಪಾನಿಯನ್ನು ಹಿಡಿದುಕೊಂಡು ಇಳಿದವನು. ಚಳಿಗಾಲದಲ್ಲಿ ಹಿಮ ಬಿದ್ದು ಸೈಕಲ್ ತುಳಿಯಲಾಗದೆ ನಡೆದೇ ತಿರುಗುತ್ತಿದ್ದರಂತೆ. ಅಪಾರ್ಟ್‌ಮೆಂಟಿನ ಕೆಳಗೆ ನಿಂತು ಇಂಟರ್‌ಫೋನ್ ಒತ್ತುವುದು, ಒಳಗಿನಿಂದ 'ಕೆಕ್ಕೋ ದೆಸು', ಅಂದರೆ ಬೇಡ, ಎಂಬ ಸೌಮ್ಯ ದನಿ, ಮುಂದಿನ ಗುಂಡಿ. ಬಯ್ದಿದ್ದರೆ ವಾಸಿಯಿತ್ತು ಅಂದ.

ಚಹಾದ ವಿಷಯ ಕೇಳಿದೆ. ಇವರಿಗೆ ಚಹಾ, ಕಾಫಿ, ಹೆಂಡ, ತಂಬಾಕು ನಾಲ್ಕೂ ನಿಷಿದ್ಧ. ಆ ಕಟ್ಟಳೆಯ ಮೂಲ 1833ರಷ್ಟು ಹಳೆಯದು. ಜಪಾನಿನ ಹಸಿರು ಚಹಾವೂ ಅದರೊಳಗೇ ಬರುತ್ತದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಅಪರೂಪಕ್ಕೆ ಬಾಗಿಲು ತೆರೆದು, ಒಳಗೆ ಕರೆದು, ಎರಡೂ ಕೈಯಲ್ಲಿ ಬಟ್ಟಲು ಮುಂದಿಟ್ಟರೆ ಏನು ಮಾಡುವುದು? ನಯವಾಗಿ ಬೇಡವೆಂದು, ಬಾರ್ಲಿ ಹುರಿದು ಕುದಿಸಿದ 'ಮುಗಿಚಾ' ಇದ್ದರೆ ಸಾಕು ಅನ್ನುತ್ತಿದ್ದರಂತೆ. ಅಜ್ಜಿ ಮುಂದಿನ ವಾರದಿಂದ ಅದನ್ನೇ ಕಾಯಿಸಿ ಇಡುತ್ತಿದ್ದರು. ದೀಕ್ಷೆ ಪಡೆದರೇ ಎಂದು ಕೇಳಿದೆ. ಇಲ್ಲ, ಅವನಿಗೆ ವರ್ಗವಾಯಿತು.

ಮಾಸ್ತರರ ಎರಡನೆಯ ಪ್ರಶ್ನೆ, ಊಟದ್ದು, ಉಳಿಯಿತು. ಸಭೆಯ ಸದಸ್ಯರು ಹೆಚ್ಚಿರುವ ಊರುಗಳಲ್ಲಿ ಭಾನುವಾರ ಒಂದು ಪಟ್ಟಿ ಕೈಯಿಂದ ಕೈಗೆ ಹೋಗುತ್ತದೆ. ಈ ಹುಡುಗರಿಗೆ ಯಾವ ದಿನ ಯಾರ ಮನೆಯಲ್ಲಿ ರಾತ್ರಿಯೂಟ ಎಂದು ಹೆಸರು ಬರೆಯುತ್ತಾರೆ. ನನ್ನ ವಯಸ್ಸಿನವರಿಗೆ ವಾರಾನ್ನ ನೆನಪಾಗದೆ ಇರದು. ಯಾರದೋ ಮನೆಯ ಅಡುಗೆಗೆ ತಲೆಬಗ್ಗಿಸಿ ಕೂತು, ಬಡಿಸಿದ್ದನ್ನು ಉಂಡು, ಒಳ್ಳೆಯ ಮಾತಾಡಿ ಏಳುವುದು. ಅನ್ನ ಹಾಕಿದ ಮನೆ ಹುಡುಗನನ್ನು ತಿದ್ದುತ್ತದೆ. ಹುಡುಗ ಮನೆಯನ್ನು ತಿದ್ದಿದ ಉದಾಹರಣೆ ನಾನು ಕಂಡಿಲ್ಲ.

ಇನ್ನು ನನ್ನ ವಾದಕ್ಕೆ ಸಾಕ್ಷಿ. ಗ್ಯಾರಿ ಮತ್ತು ಗಾರ್ಡನ್ ಶೆಪರ್ಡ್ ಅವಳಿ ಸಹೋದರರು. 1960ರ ದಶಕದಲ್ಲಿ ಇಬ್ಬರೂ ಮೆಕ್ಸಿಕೋದಲ್ಲಿ ಸೇವೆ ಮಾಡಿ, ಮುಂದೆ ಇಬ್ಬರೂ ಸಮಾಜಶಾಸ್ತ್ರಜ್ಞರಾದರು. ಆ ದಿನಗಳ ತಮ್ಮದೇ ಪತ್ರ, ದಿನಚರಿಗಳನ್ನು ಆಧರಿಸಿ 1998ರಲ್ಲಿ 'ಮಾರ್ಮನ್ ಪ್ಯಾಸೇಜ್' ಎಂಬ ಪುಸ್ತಕ ತಂದರು. ಊರಿನ ಹುಡುಗ ಹೇಗೆ ಸಭೆಯ ಗಂಡಸಾಗುತ್ತಾನೆ ಎನ್ನುವುದೇ ಅದರ ಕಥೆ. ಜಪಾನನ್ನೇ ನೋಡಿ. 1971ರಲ್ಲಿ ಮಿಷನರಿಯಾಗಿ ಹೋಗಿದ್ದ ಕೆಂಟ್ ಗಿಲ್ಬರ್ಟ್ 1980ರ ದಶಕದಲ್ಲಿ ಅಲ್ಲಿನ ಟಿವಿಯ ದೊಡ್ಡ ಹೆಸರು. ಅದೇ ದಾರಿಯಲ್ಲಿ ಬಂದ ಕೆಂಟ್ ಡೆರಿಕಾಟ್ ಕೂಡ ಹಾಗೆಯೇ. ಫ್ರಾನ್ಸಿನಲ್ಲಿ ಬಾಗಿಲು ತಟ್ಟಿದ ಮಿಟ್ ರಾಮ್ನಿ 2012ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತರು. ವೈನ್ ಕುಡಿಯುವವರ ನಾಡಿನಲ್ಲಿ ವೈನ್ ಬೇಡವೆನ್ನುವ ಮತವನ್ನು ಮಾರಿ ಪಳಗಿದವನಿಗೆ ಚುನಾವಣೆ ಯಾವ ಲೆಕ್ಕ! ಸೋತರು, ಅದು ಬೇರೆ ಮಾತು.

ಎದುರಿನ ಲೆಕ್ಕ ತೆಗೆಯಿರಿ. ಜಪಾನಿನಲ್ಲಿ 1901ರಿಂದ 1924ರವರೆಗೆ ಹಗಲಿರುಳು ದುಡಿದರು, ದೀಕ್ಷೆ ಪಡೆದವರು ಇನ್ನೂರು ಮುಟ್ಟಲಿಲ್ಲ. ಮಿಷನ್ ಮುಚ್ಚಿ, 1948ರಲ್ಲಿ ಮತ್ತೆ ತೆರೆಯಿತು. ಸಂಖ್ಯೆಯೇ ಗುರಿಯಾದಾಗ ಏನಾಗುತ್ತದೆ ಅನ್ನುವುದಕ್ಕೆ 1960ರ ದಶಕದ ಆರಂಭದ ಇಂಗ್ಲೆಂಡ್ ಇದೆ. ಬೇಸ್‌ಬಾಲ್ ತಂಡ ಕಟ್ಟಿ, ಆಡಲು ಬಂದ ಹುಡುಗರಿಗೆ ದೀಕ್ಷೆ ಕೊಟ್ಟು ಲೆಕ್ಕ ತೋರಿಸಿದರು. ತಾವು ಯಾವುದಕ್ಕೆ ಸೇರಿದೆವು ಎಂಬುದೇ ಎಷ್ಟೋ ಮಕ್ಕಳಿಗೆ ತಿಳಿದಿರಲಿಲ್ಲ, ಆಮೇಲೆ ಆ ಹೆಸರುಗಳನ್ನು ಹೊಡೆದುಹಾಕುವ ಕೆಲಸ ಬಿತ್ತು. ಇದನ್ನು ವಿವರವಾಗಿ ಬರೆದ ಇತಿಹಾಸಕಾರ ಡಿ. ಮೈಕೆಲ್ ಕ್ವಿನ್ ಸ್ವತಃ ಇಂಗ್ಲೆಂಡಿನಲ್ಲಿ ಮಿಷನರಿಯಾಗಿದ್ದವರು.

ಇಲ್ಲಿ ಕಿಟೆಲ್ ಸಾಹೇಬರನ್ನು ನೆನೆಯದೆ ಮುಂದೆ ಹೋದರೆ ನೀವು ನನ್ನನ್ನು ಬಿಡುವುದಿಲ್ಲ. ಅವರು ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದಾಗ ವಯಸ್ಸು 21, ಈ ಹುಡುಗರ ಓರಗೆಯವರೇ. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಮಾರ್ಮನ್ನರಲ್ಲೂ ಒಬ್ಬ ಅಂಥವನಿದ್ದ. ಆಲ್ಮಾ ಟೇಲರ್ 1901ರ ಆಗಸ್ಟ್‌ನಲ್ಲಿ ಯೊಕೊಹಾಮಾದಲ್ಲಿ ಇಳಿದಾಗ 19ರ ಹುಡುಗ. 1910ರವರೆಗೆ ಉಳಿದ. ತನ್ನ ಸಭೆಯ ಗ್ರಂಥವನ್ನು ಜಪಾನಿ ಭಾಷೆಗೆ ಅನುವಾದಿಸಿ 1909ರಲ್ಲಿ ಅಚ್ಚು ಹಾಕಿಸಿದ. ಉಳಿದವನು ಏನನ್ನೋ ಬಿಟ್ಟುಹೋಗುತ್ತಾನೆ. ಎರಡು ವರ್ಷಕ್ಕೆ ಬಂದವನು ಭಾಷೆ, ಗೆಳೆತನ, ಅಜ್ಜಿಯ ಬಾರ್ಲಿ ನೀರಿನ ನೆನಪು ಎಲ್ಲವನ್ನೂ ಊರಿಗೆ ಹೊತ್ತೊಯ್ಯುತ್ತಾನೆ. ಇದೇ ನನ್ನ ವಾದದ ತಿರುಳು, ಇದನ್ನು ಹತ್ತಾರು ಕಡೆ ಹೇಳಿದ್ದೇನೆ.

ಆದರೆ ಈಚೆಗೆ ನನ್ನ ವಾದವೇ ನನಗೆ ಇರುಸುಮುರುಸು ತರುತ್ತಿದೆ. ಹುಡುಗನನ್ನು ತಯಾರು ಮಾಡುವುದೇ ಇದರ ನಿಜವಾದ ಕೆಲಸವಾದರೆ, ಆ ಅಜ್ಜಿ ಯಾರು? ಅವರ ಒಂಟಿತನ ಯಾರೋ ಹುಡುಗನ ಪಾಠಶಾಲೆಯಾಯಿತೇ? ಹೊಸದಾಗಿ ಸೇರಿದವರು ಮೊದಲ ವರ್ಷದಲ್ಲೇ ದೂರವಾಗುವುದು ಆ ಸಭೆಗೆ ಹಳೆಯ ತಲೆನೋವು. ನಂಬಿಕೆ ಹುಟ್ಟಿಸಿದ ಮುಖವೇ ವರ್ಗಾವಣೆಯ ಪಟ್ಟಿಯಲ್ಲಿ ಹೊರಟುಹೋದರೆ ಉಳಿಯುವವರಾದರೂ ಯಾರಿಗಾಗಿ ಉಳಿಯಬೇಕು? ಎರಡು ವರ್ಷ ತುಂಬಿಸಲಾಗದೆ, ಮನಸ್ಸು ಕುಸಿದು ನಡುವೆಯೇ ಮರಳುವ ಹುಡುಗರಿದ್ದಾರೆ, ಅವರನ್ನು ಊರು ನೋಡುವ ರೀತಿಯಿದೆ. ಅವರನ್ನು ಯಾವ ಲೆಕ್ಕಕ್ಕೆ ಹಾಕಲಿ? ಇನ್ನೊಂದು ಕಡೆಯಿಂದ ಯೋಚಿಸಿದರೆ, ಲಾಭವಿಲ್ಲದ ಕೆಲಸವನ್ನು ಎರಡು ವರ್ಷ ಶ್ರದ್ಧೆಯಿಂದ ಮಾಡು ಎಂದು 18ರ ಮಗನಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ನನ್ನ ಮೊಮ್ಮಗನಿಗೆ ಈಗ 17. ಅವನನ್ನು ಹಾಗೆ ಕಳಿಸುತ್ತೇನೆಯೇ? ಬೆಳಿಗ್ಗೆ ಕೇಳಿದರೆ ಹೂಂ ಅನ್ನುತ್ತೇನೆ, ರಾತ್ರಿ ಕೇಳಿದರೆ ಇಲ್ಲ ಅನ್ನುತ್ತೇನೆ.

ಬೆಂಗಳೂರಿನಲ್ಲೂ 1993ರಿಂದ ಈ ಸಭೆಯ ಮಿಷನ್ ಇದೆ. ಅಲ್ಲಿ ಒಂದು ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಿಸಿ, 2020ರ ಡಿಸೆಂಬರಿನಲ್ಲಿ ಭೂಮಿ ಅಗೆದು ಆರಂಭಿಸಿದ್ದಾರೆ. ನಮ್ಮಲ್ಲಿ ಹೀಗೆ ಜೋಡಿಯಾಗಿ ತಿರುಗುವವರಲ್ಲಿ ಭಾರತದ ಹುಡುಗ ಹುಡುಗಿಯರೇ ಬಹಳ. ಅವರ ದಿನಚರಿಯನ್ನು ಕನ್ನಡದಲ್ಲಿ ಬರೆದ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಇಲ್ಲಿರುವ ಎಳೆಯರು ಯಾರಾದರೂ ಆ ಕೆಲಸಕ್ಕೆ ಕೈ ಹಾಕಬೇಕು. ಬಾಗಿಲು ತೆರೆದವರನ್ನೂ ಮಾತಾಡಿಸಿ, ನಾನು ಅದನ್ನು ಮಾಡಲಿಲ್ಲ. ಪ್ರಶ್ನೆಗಳಿಗೆ ಅಧ್ಯಕ್ಷರು ಕಾಲು ಗಂಟೆ ಕೊಟ್ಟಿದ್ದಾರೆ, ಮೈಕ್ ಹಿಂದಿನ ಸಾಲಿನಿಂದ ಶುರುವಾಗಲಿ.