ಹೊಸ ಸರ್ವರ್ ಬಂತು, ಕನ್ನಡ ಪಾಠ ಎಲ್ಲಿ?
(ಆದವಾನಿಯ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಕೌತಾಳಂ, ಹೊಳಗುಂದ, ಹಾಲಹರವಿ ಕಡೆಯಿಂದ ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಗಣಕಯಂತ್ರದ ಮಾತು ನಮಗೇಕೆ ಎಂದು ಒಬ್ಬ ತಾಯಿ ಬಾಗಿಲಲ್ಲೇ ಕೇಳಿದರು. ಕೇಳಬೇಕಾದ ಮಾತೇ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಬಂತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಬೇಕು ಎನ್ನುತ್ತದೆ ಅದು. ಸೌಲಭ್ಯವೆಂದರೆ ಕೊಠಡಿ, ಮೇಷ್ಟ್ರು, ಪುಸ್ತಕ ಎಂದುಕೊಂಡಿದ್ದೆವು. ಲ್ಯಾಬಿನ ಕನ್ನಡ ಪಾಠವೂ ಆ ಲೆಕ್ಕಕ್ಕೆ ಸೇರಬೇಕೆಂಬುದು ನನ್ನ ವಾದ.

ನಾನು ಹೋಗಿಬರುತ್ತಿದ್ದ ಒಂದು ಶಾಲೆಯ ಕಥೆ ಹೇಳುತ್ತೇನೆ. ಹೊಸ ಸರ್ವರ್ ಬಂತು. ತೆಲುಗು, ಇಂಗ್ಲಿಷ್ ಪಾಠಗಳು ಅದರ ಸ್ವಂತ ಡಿಸ್ಕಿನಲ್ಲಿದ್ದವು. ಕನ್ನಡದ ಪಾಠ, ಹಳೆಯ ಪ್ರಶ್ನೆಪತ್ರಿಕೆ ಮಾತ್ರ ಮೂಲೆಯ ಹಳೆಯ ಯಂತ್ರದಲ್ಲಿ. ಅಲ್ಲಿನ ಕಡತಕೋಶವನ್ನು ಸರ್ವರ್ ಜಾಲದ ಮೂಲಕ ತನ್ನದೇ ಕೋಶವೆಂಬಂತೆ ತೋರಿಸುತ್ತದೆ. ಈ ಪದ್ಧತಿಯ ಹೆಸರು ಎನ್‌ಎಫ್‌ಎಸ್. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ರೂಪಿಸಿದ್ದು. ಬಂದ ಹುಡುಗ ಕೈಯಿಂದ ಆಜ್ಞೆ ಕೊಟ್ಟು ಕೋಶ ಜೋಡಿಸಿದ, ಪಾಠ ತೆರೆಯಿತು, ಸಹಿ ಹಾಕಿಸಿಕೊಂಡು ಹೊರಟ.

ಎರಡು ದಿನಕ್ಕೆ ಕರೆಂಟು ಹೋಯಿತು. ಯಂತ್ರಗಳು ಮತ್ತೆ ಎದ್ದವು, ಕನ್ನಡದ ಕೋಶ ಖಾಲಿ. "ಸಾರ್, ಕನ್ನಡ ಹೋಗೈತೆ" ಎಂದಳು ಒಬ್ಬ ಹುಡುಗಿ. ಎಲ್ಲೂ ಹೋಗಿರಲಿಲ್ಲ. ಕೈಯಿಂದ ಜೋಡಿಸಿದ್ದು ಯಂತ್ರ ಆರಿದರೆ ಅಳಿಯುತ್ತದೆ. ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಒಂದು ಸಾಲು ಬರೆದಿಟ್ಟರೆ ಸರ್ವರ್ ಎದ್ದಾಗಲೆಲ್ಲ ತಾನೇ ಜೋಡಿಸಿಕೊಳ್ಳುತ್ತದೆ. ಹಳೆಯ ಯಂತ್ರ ತಡವಾಗಿ ಎದ್ದರೆ ಮತ್ತೆ ಮತ್ತೆ ಕೇಳು ಎಂದೂ ಅದೇ ಸಾಲಿನಲ್ಲಿ ಹೇಳಬಹುದು. ಆ ಒಂದು ಸಾಲು ಇರಲಿಲ್ಲ, ಅಷ್ಟೇ. ಅಷ್ಟರಲ್ಲಿ ಇಬ್ಬರು ಪೋಷಕರು ಮಾಧ್ಯಮ ಬದಲಿಸುವ ಅರ್ಜಿ ಕೇಳಿದ್ದರು.

ಇನ್ನೊಂದು ಎಡವಟ್ಟು ನಾವೇ ಮಾಡಿದೆವು. ಕೋಶ ಖಾಲಿ ಕಂಡ ಮೇಷ್ಟ್ರು ರಾತ್ರಿ ಕೂತು ಪಾಠ ಟೈಪು ಮಾಡಿ ಅದರಲ್ಲೇ ಉಳಿಸಿದರು. ಅದು ಸರ್ವರಿನ ಡಿಸ್ಕಿಗೆ ಹೋಯಿತು. ಹಳೆಯ ಕೋಶ ಮರಳಿ ಜೋಡಿಸಿದೊಡನೆ ಅದರಡಿ ಮುಚ್ಚಿಹೋಯಿತು! ಜೋಡಣೆ ಬಿಡಿಸಿ ನೋಡಿದಾಗ ಪಾಠ ಅಲ್ಲೇ ಇತ್ತು. ಮೇಷ್ಟ್ರ ಮುಖ ನೋಡಬೇಕಿತ್ತು.

ಹಳೆಯ ಯಂತ್ರದ ಎಕ್ಸ್‌ಪೋರ್ಟ್ಸ್ ಪಟ್ಟಿಯಲ್ಲಿ ಹೊಸ ಸರ್ವರಿನ ವಿಳಾಸ ಇರಬೇಕು. ಬಳಕೆದಾರರ ಸಂಖ್ಯೆ ಎರಡೂ ಕಡೆ ಒಂದೇ ಆಗಿರಬೇಕು, ಇಲ್ಲವಾದರೆ ಮೇಷ್ಟ್ರಿಗೇ ತಮ್ಮ ಕಡತ ತಿದ್ದಲಾಗದು. ಮಕ್ಕಳಿಗೆ ಓದುವ ಅನುಮತಿ ಸಾಕು. ಇವು ತಂತ್ರಜ್ಞರ ಕೆಲಸ. ನಿಮ್ಮ ಕೆಲಸ ಸುಲಭ: ಸಹಿಗೆ ಮುಂಚೆ ಎರಡೂ ಯಂತ್ರ ಆರಿಸಿ ಹೊತ್ತಿಸಲು ಹೇಳಿ, ಕನ್ನಡದ ಪಾಠವನ್ನು ನಿಮ್ಮ ಮಗುವಿನ ಕೈಯಿಂದಲೇ ತೆರೆಸಿ.

ಇನ್ನು, ಆ ಹಳೆಯ ಡಿಸ್ಕು ಕೆಟ್ಟರೆ ಎಷ್ಟು ಯಂತ್ರ ಜೋಡಿಸಿದ್ದರೂ ಪಾಠ ಸಿಗದು. ಬೇರೊಂದು ಡಿಸ್ಕಿನಲ್ಲಿ ಪ್ರತಿ ಬೇಕು. ಅದರ ಖರ್ಚನ್ನು ಯಾವ ಲೆಕ್ಕಕ್ಕೆ ಹಾಕೋಣವೆಂದು ಇವತ್ತೇ, ಊಟಕ್ಕೆ ಏಳುವ ಮುಂಚೆ ತೀರ್ಮಾನಿಸೋಣ.